ಒಂದು ಮೊಳ ಎಡಕ್ಕೆ, ನಾಲ್ಕು ಬೆರಳು ಕೆಳಕ್ಕೆ

“ಇವತ್ತಾದರೂ ಸಂಜೆ ಆಗುತ್ತೋ ಇಲ್ಲವೋ?”

ಬೋಂಡಾದ ಚೌಡಮ್ಮ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಬಾಣಲೆಗೆ ಎಣ್ಣೆ ಸುರಿದು, ಒಲೆ ಹಚ್ಚದೆ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಪಡುವಣ ಗುಡ್ಡದ ಕಡೆ ನೋಡಿ ಅಂದದ್ದು. ಗುಡ್ಡದ ಮೇಲೆ ಒಂದು ಗೇಣು ಎತ್ತರದಲ್ಲಿ ಸೂರ್ಯ ನಿಂತು ಆಗಲೇ ಮುಕ್ಕಾಲು ಗಂಟೆಯಾಗಿತ್ತು. ಹೂವಿನವರು ಮೊಗ್ಗಿನ ಬುಟ್ಟಿಗೆ ಮೂರನೆಯ ಸಲ ನೀರು ಚಿಮುಕಿಸಿದ್ದರು. ದೀಪದ ಬತ್ತಿ ಹೊಸೆದಿಟ್ಟುಕೊಂಡ ಹೆಂಗಸರು ಹೊಸ್ತಿಲ ಮೇಲೆ ಕೂತು ಮತ್ತಷ್ಟು ಬತ್ತಿ ಹೊಸೆಯುತ್ತಿದ್ದರು. ಹೋಟೆಲಿನವರು ತಪ್ಪಿದ ಕಾಫಿಗೆ ಹಾಲು ಕಾಯಿಸಲು ಇಟ್ಟರು. ನಮ್ಮೂರಿನಲ್ಲಿ ಬೆಳಗಿನ ಕಾಫಿ, ಮಧ್ಯಾಹ್ನದ ಕಾಫಿ ಆದಮೇಲೆ ಗುಂಡು ತಪ್ಪಿದ ದಿನ ಮಾತ್ರ ಕುಡಿಯುವ ಇನ್ನೊಂದು ಕಾಫಿ ಇದೆ. ಅದಕ್ಕೆ ಸಕ್ಕರೆ ಒಂದು ಚಮಚ ಜಾಸ್ತಿ.

ಊರ ಪಕ್ಕದ ಕಣಿವೆಯಲ್ಲಿ ಒಂಟಿಗಲ್ಲು ಎಂಬ ಬಂಡೆ ಕಂಬದ ಹಾಗೆ ಎದ್ದು ನಿಂತಿದೆ. ಅದರ ನೆತ್ತಿಯ ಮೇಲೆ ಒಂದು ಕಬ್ಬಿಣದ ಕಮಾನು, ಕಮಾನಿನಲ್ಲಿ ಕೊಡದಷ್ಟು ದೊಡ್ಡ ಗಂಟೆ. ಅಲ್ಲಿಗೆ ಹತ್ತಿದವರಿಲ್ಲ, ಹತ್ತುವ ದಾರಿಯೂ ಇಲ್ಲ. ಕಣಿವೆಯ ಈಚೆಯ ಗುರಿಕಟ್ಟೆಯಲ್ಲಿ ನಿಂತು ರಿವಾಲ್ವರಿನಿಂದ ಹೊಡೆಯಬೇಕು. ಗಂಟೆ ಬಾರಿಸಿತೋ, ಸೂರ್ಯ ಇಳಿಯುತ್ತಾನೆ. ಇಲ್ಲವೋ, ನಿಂತಿರುತ್ತಾನೆ. ದಿನಕ್ಕೆ ಆರು ಗುಂಡು, ಅಷ್ಟೇ. ಆರೂ ತಪ್ಪಿದರೆ ಏನಾಗುತ್ತದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದು ಬೇಡ ಎಂದು ನಾನು ದಿನವೂ ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ.

ಇಪ್ಪತ್ತೊಂಬತ್ತು ವರ್ಷ ಈ ಕೆಲಸ ಮಾಡಿದವರು ಧರಣೇಂದ್ರಯ್ಯ. ನನಗೆ ನೆರೆಮನೆಯ ಧರಣಮಾವ. ಅವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕುವವರಲ್ಲ. ಅಂಥವರ ಕೈಗೇ ಹೊತ್ತು ಮುಳುಗಿಸುವ ಕೆಲಸ ಬಂದಿತ್ತು. ಊಟ ಮುಗಿಸಿ, ಕೈ ತೊಳೆದು, ಹಲ್ಲಿಗೆ ಕಡ್ಡಿ ಹಾಕಿಕೊಂಡು ನಿಧಾನವಾಗಿ ಕಟ್ಟೆ ಹತ್ತುತ್ತಿದ್ದರು. ಅವರ ಮನೆಯಲ್ಲಿ ಹೋಳಿಗೆ ಮಾಡಿದ ದಿನ ಊರಿಗೆಲ್ಲ ಸಂಜೆ ತಡ. ಯಾರಾದರೂ ಕೆಣಕಿದರೆ, ಇಷ್ಟು ವರ್ಷ ಬಂದೂಕು ಹಿಡಿದೂ ಒಂದು ಸೊಳ್ಳೆಗೆ ನೋವು ಮಾಡದವನು ತಾನೊಬ್ಬನೇ, ಅದಕ್ಕೆ ಇನ್ನೊಂದು ಹೋಳಿಗೆ ಸಲ್ಲುತ್ತದೆ ಅನ್ನುತ್ತಿದ್ದರು.

ಅವರ ಕೈ ನಡುಗಲು ಶುರುವಾಗಿ ಮೂರನೆಯ ಗುಂಡಿಗೆ, ಐದನೆಯ ಗುಂಡಿಗೆ ಗಂಟೆ ಬಾರಿಸುವಂತಾದಾಗ ಊರು ಗಾಬರಿಯಾಯಿತು. ನಿವೃತ್ತ ಹವಾಲ್ದಾರರು ಬಂದು ನೋಡಿದರು, ಗರಡಿಮನೆಯ ಪೈಲ್ವಾನರು ಬಂದು ನೋಡಿದರು. ಎಲ್ಲರೂ ಗಂಟೆಯ ನೇರಕ್ಕೆ ಹಿಡಿದು ಗಂಟೆಯನ್ನು ಬಿಟ್ಟು ಹೊಡೆದರು. ರಿವಾಲ್ವರಿನ ಕೊಳವೆಯ ತುದಿಯಲ್ಲಿ ಹುಂಜದ ಜುಟ್ಟಿನಂಥ ಒಂದು ಕುಡಿ ಇದೆ, ಹಿಂಬದಿಯಲ್ಲಿ ಒಂದು ಸಣ್ಣ ಕಚ್ಚು. ಕಚ್ಚಿನ ನಡುವೆ ಕುಡಿ ಕಾಣಬೇಕು, ಕುಡಿಯ ಮೇಲೆ ಗುರಿ ಕೂರಬೇಕು. ಎರಡೂ ಕೊಳವೆಯ ಜೊತೆಗೇ ಎರಕವಾದದ್ದು. ತಿರುಗಿಸುವ ತಿರುಪಿಲ್ಲ, ಜರುಗಿಸುವ ಜಾಡಿಲ್ಲ. ಹವಾಲ್ದಾರರು ತಮ್ಮ ಆರನೆಯ ಗುಂಡೂ ವ್ಯರ್ಥವಾದಾಗ, ಇದು ಬಂದೂಕಲ್ಲ, ಇದು ರಾಜಕಾರಣಿ, ನೋಡೋದೊಂದು ಕಡೆ ಹೋಗೋದೊಂದು ಕಡೆ ಎಂದು ಕೆಳಗಿಳಿದರು. ಅವತ್ತಿನ ಸಂಜೆಗೆ ಧರಣಮಾವ ಮನೆಯಿಂದ ಬೇರೆ ಗುಂಡು ತರಿಸಿ ತಾವೇ ಗಂಟೆ ಬಾರಿಸಿದ್ದು ಗುಟ್ಟು. ಈಗ ಹೇಳಿದರೆ ತಪ್ಪಿಲ್ಲ.

ಧರಣಮಾವ ನನ್ನನ್ನು ಕರೆದದ್ದು ಆ ಮರುದಿನ. ನಾನು ಬಂದೂಕು ಮುಟ್ಟಿದವಳಲ್ಲ. ನಮ್ಮಪ್ಪ ಗುಡಿಯ ಜಗಲಿಯಲ್ಲಿ ನಲವತ್ತು ವರ್ಷ ಕಾವ್ಯ ಓದಿದವರು. ನನಗೆ ಓದಲು ಕಂಠವಿರಲಿಲ್ಲ. ಕಂಬಕ್ಕೊರಗಿ ಕೂತು ಕೇಳಲು ಕಿವಿ ಇತ್ತು. ಆರು ಸಾಲಿನ ಪದ್ಯ ಮುಗಿದಾಗ ಓದುವವರು ಉಸಿರೆಳೆದುಕೊಳ್ಳುವ ಒಂದು ಬರಿದಾದ ಜಾಗ ಬರುತ್ತದೆ. ಆ ಜಾಗದಲ್ಲಿ ಯಾರಾದರೂ “ಹೂಂ” ಅನ್ನಬೇಕು. ಮೊದಲೇ ಅಂದರೆ ಪದ್ಯ ಮುರಿಯುತ್ತದೆ, ತಡವಾದರೆ ಓದುವವರ ಮನಸ್ಸು ಮುರಿಯುತ್ತದೆ. ಏಳನೆಯ ವಯಸ್ಸಿನಿಂದ ಆ ಹೂಂ ನನ್ನದು.

“ಕಮಲಾಕ್ಷಿ, ನಿಮ್ಮಪ್ಪನಿಗೆ ಹೂಂ ಅಂತಿದ್ದೆಯಲ್ಲ, ಅದನ್ನೇ ಬೆರಳಲ್ಲಿ ಅನ್ನು. ಅಷ್ಟೇ ಕಣಮ್ಮ ವಿದ್ಯೆ,” ಎಂದರು ಧರಣಮಾವ.

ಮೊದಲ ತಿಂಗಳು ಗುಂಡೇ ಇಲ್ಲ. ಹಿತ್ತಿಲಿನಲ್ಲಿ ಬರಿದಾದ ರಿವಾಲ್ವರ್ ಹಿಡಿದು ನಿಲ್ಲಿಸಿ, ಕೊಳವೆಯ ಮೇಲೆ ಒಂದು ತುಳಸಿ ಎಲೆ ಇಡುತ್ತಿದ್ದರು. ಮನಸ್ಸಿನಲ್ಲಿ ಒಂದು ಪದ್ಯ ಹೇಳಿಕೊಂಡು, ಆರನೆಯ ಸಾಲಿನ ಆಚೆಯ ಬರಿದಾದ ಜಾಗದಲ್ಲಿ ಬೆರಳಡಿಯ ಬಂದೂಕಿನ ಕುದುರೆ ಎಳೆಯಬೇಕು, ಎಲೆ ಬೀಳಬಾರದು. ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ಮೊದಲ ಸಾಲಿನಿಂದ. ನನ್ನ ಅತ್ತೆ ಗೋಡೆಯಾಚೆಯಿಂದ ಇಣುಕಿ, ಈ ವಯಸ್ಸಿನಲ್ಲಿ ಸೊಸೆ ಪೊಲೀಸಿಗೆ ಸೇರುತ್ತಾಳೇನೋ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಅವರ ದನಿಯಲ್ಲಿ ಹೆಮ್ಮೆಯೂ ಇದ್ದಂತಿತ್ತು.

ಎರಡನೆಯ ತಿಂಗಳು ಗುಂಡು ಬಂತು. ಹಿತ್ತಿಲ ಮಣ್ಣುಗುಡ್ಡೆಯ ಮೇಲೆ ಬೂದುಗುಂಬಳ ಇಟ್ಟು ಹೊಡೆಯಲು ಹೇಳಿದರು. ಕಚ್ಚಿನಲ್ಲಿ ಕುಡಿ, ಕುಡಿಯ ಮೇಲೆ ಕುಂಬಳ, ಪದ್ಯ ಮುಗಿಯಿತು, ಬೆರಳು ಹೂಂ ಎಂದಿತು. ಕುಂಬಳ ಅಲುಗಲಿಲ್ಲ. ಹತ್ತು ಗುಂಡು ಹೊಡೆದೆ. ಹತ್ತೂ ಹೋಗಿ ಕುಂಬಳದ ಎಡಗಡೆ, ಕೆಳಗೆ, ಒಂದೇ ಅಂಗೈಯಗಲದ ಜಾಗದಲ್ಲಿ ಹೂತಿದ್ದವು. ನನಗೆ ಅಳು ಬಂತು. ಧರಣಮಾವ ಮಾತ್ರ ಹಣ್ಣಿನಂಗಡಿಗೆ ಬಂದವರ ಹಾಗೆ ಆ ತೂತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು. ಬಂದೂಕು ತಪ್ಪು ಹೊಡೆಯುತ್ತಿದೆಯಲ್ಲ ಮಾವ ಎಂದೆ.

“ತಪ್ಪಲ್ಲ, ಅದರ ಸ್ವಭಾವ. ಗಂಟೆಯ ದೂರಕ್ಕೆ ಒಂದು ಮೊಳ ಎಡಕ್ಕೆ, ನಾಲ್ಕು ಬೆರಳು ಕೆಳಕ್ಕೆ. ನನ್ನ ಹೆಂಡತಿ ಸಾರಿಗೆ ದಿನವೂ ಒಂದೇ ಸಮ ಉಪ್ಪು ಜಾಸ್ತಿ ಹಾಕ್ತಾಳೆ. ನಾನು ಅನ್ನ ಜಾಸ್ತಿ ಕಲಸ್ಕೋತೀನಿ. ಒಂದು ದಿನ ಜಾಸ್ತಿ ಒಂದು ದಿನ ಕಮ್ಮಿ ಹಾಕಿದ್ದರೆ ನಾನು ಸನ್ಯಾಸಿಯಾಗಿ ಹೋಗಿರ್ತಿದ್ದೆ.”

ಅವರ ಹೆಂಡತಿ ಈ ಮಾತು ಕೇಳಿ ಅಡುಗೆಮನೆಗೆ ಹೋದರು. ಅವತ್ತು ಸಾರಿಗೆ ಉಪ್ಪೇ ಹಾಕಿರಲಿಲ್ಲವೆಂದು ಆಮೇಲೆ ತಿಳಿಯಿತು.

ಹಾಗಾದರೆ ಗಂಟೆ ಬಾರಿಸಲು ಗಂಟೆಯ ಬಲಕ್ಕೆ ಒಂದು ಮೊಳ, ಮೇಲಕ್ಕೆ ನಾಲ್ಕು ಬೆರಳು ಹಿಡಿಯಬೇಕು. ಅಲ್ಲಿರುವುದು ಬರಿ ಬಯಲು. ಬಯಲಿನಲ್ಲಿ ಕುಡಿಯನ್ನು ಎಲ್ಲಿ ಕೂರಿಸುವುದು? ಮೂರನೆಯ ತಿಂಗಳು ಗುರಿಕಟ್ಟೆ ಹತ್ತಿಸಿದಾಗ ಧರಣಮಾವ ಸುತ್ತ ನೋಡಿ, ನನ್ನಿಂದ ದೇವರ ಮೇಲೆ ಆಣೆ ಮಾಡಿಸಿಕೊಂಡು, ಕಿವಿಯಲ್ಲಿ ಗುಟ್ಟು ಹೇಳಿದರು. ಗಂಟೆಯ ಹಿಂದೆ ಬರಿ ಕಲ್ಲುಗುಡ್ಡ. ಅದರ ಬಲಕ್ಕೆ, ಕಣಿವೆಯ ಆಚೆಯ ಇಳಿಜಾರಿನಲ್ಲಿ ಪುರಸಭೆಯ ಅಧ್ಯಕ್ಷ ಪಂಚಾಕ್ಷರಪ್ಪನವರ ಮಹಡಿಮನೆ. ಮಹಡಿಯ ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ. ದಿನವೂ ಆ ಹೊತ್ತಿಗೆ ಅಧ್ಯಕ್ಷರು ಅದರಲ್ಲಿ ಕೂತು ಕಷಾಯ ಕುಡಿಯುತ್ತಾರೆ. ಇಳಿಬಿಸಿಲಿಗೆ ಅವರ ಬೋಳುತಲೆ ತಿಕ್ಕಿದ ತಂಬಿಗೆಯ ಹಾಗೆ ಹೊಳೆಯುತ್ತದೆ.

“ಆ ತಲೆಗೆ ಹಿಡಿ. ಸರಿಯಾಗಿ ವಿಭೂತಿಗೆ,” ಎಂದರು ಧರಣಮಾವ.

ನಾನು ರಿವಾಲ್ವರನ್ನು ಕಟ್ಟೆಯ ಮೇಲೆ ಇಟ್ಟುಬಿಟ್ಟೆ. ಅವರೇ ಸಮಾಧಾನ ಮಾಡಿದರು. ಮೊದಲು ಆ ಜಾಗದಲ್ಲಿ ಒಂದು ತೆಂಗಿನಮರವಿತ್ತಂತೆ, ಮರದಲ್ಲಿ ಕಾಗೆಯ ಗೂಡಿತ್ತಂತೆ. ಗೂಡಿಗೆ ಹಿಡಿದರೆ ಗಂಟೆ ಬಾರಿಸುತ್ತಿತ್ತು. ಪಂಚಾಕ್ಷರಪ್ಪ ಮರ ಕಡಿಸಿ ಮಹಡಿ ಕಟ್ಟಿಸಿ ಗೂಡಿದ್ದಲ್ಲೇ ಬಂದು ಕೂತರು. ಇದರಲ್ಲಿ ತನ್ನದೇನು ತಪ್ಪು ಎಂದು ಧರಣಮಾವ ಕೇಳಿದರು. ಗುಂಡು ಅವರ ತಲೆಯಿಂದ ಮೂರು ಮೊಳ ದೂರ ಹೋಗುತ್ತದೆ, ಹನ್ನೊಂದು ವರ್ಷದಿಂದ ಹೋಗುತ್ತಿದೆ ಎಂದರು.

ಹಾಗೆ ನಾನು ದಿನವೂ ಪಂಚಾಕ್ಷರಪ್ಪನವರ ಹಣೆಗೆ ಗುರಿಯಿಟ್ಟು ಊರಿಗೆ ಸಂಜೆ ಮಾಡತೊಡಗಿದೆ. ಅವರ ಆಯಸ್ಸಿಗಾಗಿ ನನ್ನಷ್ಟು ಪ್ರಾರ್ಥನೆ ಮಾಡಿದವರು ಅವರ ಮನೆಯಲ್ಲೂ ಇರಲಿಲ್ಲ. ಅವರಿಗೆ ನೆಗಡಿಯಾದರೆ ನನಗೆ ಚಿಂತೆ, ಮಫ್ಲರ್ ಸುತ್ತಿಕೊಂಡರೆ ವಿಭೂತಿ ಕಾಣುವುದಿಲ್ಲ. ಒಮ್ಮೆ ನಾಲ್ಕು ದಿನ ನೆಂಟರ ಊರಿಗೆ ಹೋದರು. ನಾಲ್ಕು ದಿನವೂ ಐದನೆಯ ಗುಂಡು, ಆರನೆಯ ಗುಂಡು, ತಪ್ಪಿದ ಕಾಫಿ. ಅಧ್ಯಕ್ಷರು ಊರಲ್ಲಿಲ್ಲದಿದ್ದರೆ ಹೊತ್ತೂ ಮುಳುಗುವುದಿಲ್ಲ ಎಂದು ಜನ ಆಡಿಕೊಂಡರು. ಅದು ಅವರ ಕಿವಿಗೆ ಬಿದ್ದು, ಮುಂದಿನ ಭಾಷಣದಲ್ಲಿ ತಾವೇ ಅದನ್ನು ಹೇಳಿಕೊಂಡರು. ನಾನು ಸಭೆಯ ಹಿಂದೆ ನಿಂತು ತಲೆ ತಗ್ಗಿಸಿದೆ. ಸುಳ್ಳೇನೂ ಅಲ್ಲವಲ್ಲ.

ಹದಿನಾಲ್ಕು ತಿಂಗಳು ಹೀಗೆ ಕಳೆದ ಮೇಲೆ ಅಧ್ಯಕ್ಷರ ಮಗಳಿಗೆ ಮದುವೆ ಗೊತ್ತಾಯಿತು. ಲಗ್ನ ಗೋಧೂಳಿಗೆ. ಬೀಗರು ಹೊರಗಿನವರು, ಅವರಿಗೆ ಸಂಜೆ ತನ್ನಷ್ಟಕ್ಕೆ ಆಗಿ ಅಭ್ಯಾಸ. ಅಧ್ಯಕ್ಷರು ಗುರಿಕಟ್ಟೆಗೆ ಬಂದು, ಮೊದಲ ಗುಂಡಿಗೇ ಸಂಜೆಯಾಗಬೇಕು, ಬೀಗರ ಎದುರಿಗೆ ಮರ್ಯಾದೆ ಪ್ರಶ್ನೆ ಎಂದರು. ತಪ್ಪಿತೋ, ಮಾರನೆಯ ದಿನವೇ ರಿವಾಲ್ವರನ್ನು ಅಕ್ಕಸಾಲಿ ಕಾಳಾಚಾರಿಗೆ ಕೊಟ್ಟು, ಕುಡಿಯನ್ನು ಅರದಿಂದ ಉಜ್ಜಿಸಿ, ನೋಡಿದ ಕಡೆಗೇ ಹೊಡೆಯುವ ಹಾಗೆ ಮಾಡಿಸುತ್ತೇನೆ ಎಂದರು. ಸೊಟ್ಟ ಬಂದೂಕು ಇಟ್ಟುಕೊಂಡ ಊರು ಅಂತ ಹೆಸರು ಬೇಡ ಅಂದರು.

ಧರಣಮಾವ ಅವತ್ತು ಹೋಳಿಗೆ ಮುಟ್ಟಲಿಲ್ಲ. ಕಾಳಾಚಾರಿ ಒಳ್ಳೆಯ ಕೆಲಸಗಾರ, ಆದರೆ ಮೂಗುತಿ ಮಾಡುವ ಕೈ. ಒಂದು ಕೂದಲೆಳೆ ಜಾಸ್ತಿ ಉಜ್ಜಿದರೆ ಗುಂಡು ಎಲ್ಲಿಗೆ ಹೋಗುತ್ತದೆಂದು ಕಂಡುಹಿಡಿಯಲು ಎಷ್ಟು ದಿನವೋ. ಅಷ್ಟು ದಿನ ಸೂರ್ಯ ಗುಡ್ಡದ ಮೇಲೆ ನಿಂತಿರುತ್ತಾನೋ, ತಾಳ್ಮೆ ಕೆಟ್ಟು ವಾಪಸು ಮೇಲಕ್ಕೆ ಹೊರಡುತ್ತಾನೋ. ಇದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು. ಧಾರೆ ಎರೆಯುವ ಅಪ್ಪ ಚಪ್ಪರದಲ್ಲಿ ಇರಬೇಕು. ಬಾಲ್ಕನಿಯಲ್ಲಿ ತಲೆ ಇರುವುದಿಲ್ಲ.

ಮದುವೆಯ ದಿನ ಬೆಳಿಗ್ಗೆ ಕಟ್ಟೆ ಹತ್ತಿ ನೋಡಿದರೆ ತಲೆಯಷ್ಟೇ ಅಲ್ಲ, ಕುರ್ಚಿಯೂ ಇಲ್ಲ. ಅದು ಬೀಗರಿಗಾಗಿ ಚಪ್ಪರಕ್ಕೆ ಹೋಗಿತ್ತು. ಬಾಲ್ಕನಿಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಕುಡಿ ಕೂರಿಸಲು ಒಂದು ಚುಕ್ಕೆಯೂ ಉಳಿದಿರಲಿಲ್ಲ. ಗುಟ್ಟು ಹೇಳುವ ಹಾಗಿಲ್ಲ, ಆಣೆಯಿದೆ. ನಾನು ನೇರ ಅಧ್ಯಕ್ಷರ ಮನೆಗೆ ಹೋಗಿ, ಅವರ ಹೆಂಡತಿ ಗಿರಿಜಮ್ಮನವರನ್ನು ಅಡುಗೆಯವರ ಮಧ್ಯದಿಂದ ಈಚೆಗೆ ಕರೆದು, ಇಷ್ಟು ಜನ ಸೇರುವ ಮನೆ, ದೃಷ್ಟಿಯಾಗದಿರಲಿ, ಅಧ್ಯಕ್ಷರು ಕೂರುವ ಜಾಗದಲ್ಲಿ ಒಂದು ಬೂದುಗುಂಬಳ ಇಡಿಸಿ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಇಷ್ಟು ಜನ ಬಂದರು, ಯಾರಿಗೂ ಇದು ಹೊಳೆಯಲಿಲ್ಲ ನೋಡು ಎಂದು ನನ್ನ ಕೈ ಹಿಡಿದುಕೊಂಡರು. ನಾನು ಗುಡಿಗೆ ಹೋಗಿ ಸುಳ್ಳಿನ ಲೆಕ್ಕಕ್ಕೆ ಹನ್ನೊಂದು ಪ್ರದಕ್ಷಿಣೆ ಹಾಕಿದೆ.

ಸಂಜೆಯ ಹೊತ್ತಿಗೆ ಕಟ್ಟೆಯ ಕೆಳಗಿನ ಬಯಲಿನ ಚಪ್ಪರ ತುಂಬಿತ್ತು. ಓಲಗದವರು ಗಂಟೆಗಾಗಿ ಉಸಿರು ಹಿಡಿದಿದ್ದರು. ಧರಣಮಾವ ಎರಡು ತಾಸು ಮೊದಲೇ ಊಟ ಮುಗಿಸಿ ಬಂದು ಹಿಂದೆ ನಿಂತರು. ನಾನು ಬಾಲ್ಕನಿಯ ಕಡೆ ನೋಡಿ ನಗು ತಡೆಯಲು ತುಟಿ ಕಚ್ಚಿಕೊಂಡೆ. ಗಿರಿಜಮ್ಮ ಬೂದುಗುಂಬಳಕ್ಕೆ ಕಾಡಿಗೆಯಲ್ಲಿ ಕಣ್ಣು ಬರೆದು, ದಪ್ಪ ಮೀಸೆ ತೀಡಿ, ಹಣೆಗೆ ಮೂರು ಎಳೆ ವಿಭೂತಿ ಹಚ್ಚಿಸಿದ್ದರು. ಬಾಲ್ಕನಿಯ ಮೋಟುಗೋಡೆಯ ಮೇಲೆ ಅದು ಅಧ್ಯಕ್ಷರಿಗಿಂತ ಗಂಭೀರವಾಗಿ ಕೂತಿತ್ತು.

ಕಚ್ಚಿನಲ್ಲಿ ಕುಡಿ, ಕುಡಿಯ ಮೇಲೆ ವಿಭೂತಿ. ಅಪ್ಪನ ದನಿಯಲ್ಲಿ ಆರು ಸಾಲು ನಡೆದವು. ಬೆರಳು ಹೂಂ ಎಂದಿತು. ಬಂಡೆಯ ಚಕ್ಕೆ ಹಾರಿತು, ಗಂಟೆ ಸುಮ್ಮನಿತ್ತು.

ಚಪ್ಪರದಲ್ಲಿ ಗುಜುಗುಜು ಎದ್ದಿತು. ಎರಡನೆಯದೂ ಹಾಗೇ ಹೋಯಿತು, ಗಂಟೆಯ ಕೆಳಗಿನ ಬಂಡೆಗೆ, ಅದೇ ಜಾಗಕ್ಕೆ. ಮೂರನೆಯದಕ್ಕೆ ಬೀಗರಲ್ಲೊಬ್ಬರು ಗಡಿಯಾರ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದರಂತೆ. ಹೋಟೆಲಿನವರು ಹಾಲು ತರಲು ಓಡಿದರಂತೆ. ಬೆರಳು ಸರಿಯಿದೆ, ಉಸಿರು ಸರಿಯಿದೆ. ಬಂದೂಕು ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಸ್ವಭಾವ ಬಿಟ್ಟಿತೇ ಎಂದು ಧರಣಮಾವನ ಮುಖ ನೋಡಿದೆ. ಅವರು ಬಾಲ್ಕನಿಯನ್ನೇ ನೋಡುತ್ತಿದ್ದರು.

“ಬಂದೂಕು ಸರಿಯಾಗಿದೆ ಕಣಮ್ಮ. ಅಧ್ಯಕ್ಷರು ಕುಳ್ಳಗಾಗಿದ್ದಾರೆ.”

ಹೌದು. ಕುರ್ಚಿಯಲ್ಲಿ ಕೂತ ಮನುಷ್ಯನ ತಲೆ ಮೋಟುಗೋಡೆಗಿಂತ ಎಷ್ಟೋ ಮೇಲಿರುತ್ತದೆ. ಗೋಡೆಯ ಮೇಲಿನ ಕುಂಬಳ ಅದಕ್ಕಿಂತ ಒಂದು ಮೊಳ ತಗ್ಗು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ರೇಷ್ಮೆ ಪಂಚೆ ಎತ್ತಿ ಹಿಡಿದುಕೊಂಡು, ತಲೆಗೆ ಜರತಾರಿ ಪೇಟ ಸುತ್ತಿಕೊಂಡು ಪಂಚಾಕ್ಷರಪ್ಪನವರೇ ಬಂದಿದ್ದರು. ಏದುಸಿರು ಬಿಡುತ್ತ, ಬಂದೂಕು ಇತ್ತ ಕೊಡು, ಕಾಳಾಚಾರಿ ಚಪ್ಪರದಲ್ಲೇ ಇದ್ದಾನೆ, ಅರವನ್ನೂ ತಂದಿದ್ದಾನೆ ಎಂದು ಕೈ ಚಾಚಿದರು. ನಾನು ಅವರ ಪೇಟ ನೋಡಿದೆ. ಒಂದು ಮೊಳ ಎತ್ತರದ ಪೇಟ. ಅವರಿಗೆ ಉತ್ತರ ಕೊಡದೆ ತಿರುಗಿದೆ. ಮನಸ್ಸಿನಲ್ಲೇ ಆ ಪೇಟವನ್ನು ಬಿಚ್ಚಿಕೊಂಡು ಹೋಗಿ ಆಚೆಯ ಕುಂಬಳದ ತಲೆಗೆ ಸುತ್ತಿದೆ. ಇಲ್ಲದ ಪೇಟದ ತುದಿಗೆ ಕುಡಿ ಕೂರಿಸಿ ಮೊದಲ ಸಾಲು ಶುರುಮಾಡಿದೆ.

ಪದ್ಯದ ನಡುವೆ ಮಾತಾಡಬಾರದೆಂಬುದು ಅವರಿಗೂ ಗೊತ್ತಿತ್ತೋ ಏನೋ, ಸುಮ್ಮನಾದರು. ಆದರೆ ನನ್ನ ತಪ್ಪು ಕಂಡುಹಿಡಿಯಲೆಂದು ಬಗ್ಗಿ, ನನ್ನ ಭುಜದ ಪಕ್ಕ ಕೆನ್ನೆ ತಂದು, ಒಂದು ಕಣ್ಣು ಮುಚ್ಚಿ ಕೊಳವೆಯ ಉದ್ದಕ್ಕೂ ನೋಡಿದರು. ನಾಲ್ಕನೆಯ ಸಾಲಿನಲ್ಲಿ ಅವರ ಉಸಿರು ನಿಂತದ್ದು ನನಗೆ ಕೇಳಿಸಿತು. ಕೊಳವೆ ಗಂಟೆಯ ಕಡೆಗಿಲ್ಲ. ಅವರ ಮನೆಯ ಕಡೆಗಿದೆ, ಅವರ ಬಾಲ್ಕನಿಯ ಕಡೆಗಿದೆ, ಅವರು ಕೂರುವ ಜಾಗದಲ್ಲಿ ಮೀಸೆ ಬಿಟ್ಟುಕೊಂಡು ವಿಭೂತಿ ಹಚ್ಚಿಕೊಂಡು ಕೂತವನ ಕಡೆಗಿದೆ. ಐದನೆಯ ಸಾಲಿನಲ್ಲಿ ಅವರ ಕೈ ತಾನಾಗಿ ತಮ್ಮ ಹಣೆಗೆ ಹೋಯಿತು. ಆರನೆಯ ಸಾಲು ಮುಗಿಯಿತು.

ಗಂಟೆ ಬಾರಿಸಿತು. ಸೂರ್ಯ ಇಷ್ಟು ಹೊತ್ತು ಕಾಲು ನೋವಿನಲ್ಲಿ ನಿಂತವನ ಹಾಗೆ ಧೊಪ್ಪನೆ ಇಳಿದ. ಓಲಗ ಶುರುವಾಯಿತು. ಅಧ್ಯಕ್ಷರು ಒಂದೊಂದೇ ಮೆಟ್ಟಿಲು ಹಿಡಿದು ಇಳಿದು ಹೋಗಿ ಮಗಳ ಧಾರೆ ಎರೆದರು. ಅರ್ಧ ನೀರು ಬೀಗರ ಪಂಚೆಯ ಮೇಲೆ ಬಿತ್ತಂತೆ. ತಂದೆಯ ಕರುಳು ಎಂದು ಹೆಂಗಸರೆಲ್ಲ ಕಣ್ಣೊರೆಸಿಕೊಂಡರಂತೆ.

ಮೂರನೆಯ ದಿನ ಅಧ್ಯಕ್ಷರು ನನ್ನ ಮನೆಗೆ ಬಂದರು. ಎಷ್ಟು ದಿನದಿಂದ ಎಂದು ಕೇಳಿದರು. ನಾನು ಹದಿನಾಲ್ಕು ತಿಂಗಳು, ಧರಣಮಾವ ಹನ್ನೊಂದು ವರ್ಷ ಎಂದೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಪ್ರಾರ್ಥನೆಯ ವಿಷಯವನ್ನೂ ಹೇಳಿದೆ. ಅವರು ಆ ಕುಡಿಯನ್ನು ಯಾರೂ ಮುಟ್ಟಕೂಡದು, ಕಾಳಾಚಾರಿಯನ್ನು ಕಟ್ಟೆಯ ಹತ್ತಿರ ಬಿಡಲೇಕೂಡದು ಎಂದು ಹೇಳಿ ಎದ್ದರು. ನಾನು ಅಷ್ಟಕ್ಕೇ ಮುಗಿಯಿತೆಂದುಕೊಂಡೆ.

ಮುಗಿಯಲಿಲ್ಲ. ಹನ್ನೆರಡು ವರ್ಷ ಊರಿಗೆ ಸಂಜೆ ಆದದ್ದು ತಮ್ಮ ತಲೆಯಿಂದ ಎಂದು ವಾರದೊಳಗೆ ಅವರೇ ಎಲ್ಲರಿಗೂ ಹೇಳಿಕೊಂಡು ಬಂದರು. ಜನ ಕೇಳಿ ತಲೆದೂಗಿದರು. ಆದರೆ ತಲೆದೂಗಿ ಬಾಲ್ಕನಿಯ ಕಡೆ ನೋಡಿದರೆ ಅಲ್ಲಿದ್ದದ್ದು ಕುಂಬಳಕಾಯಿ. ಧರಣಮಾವ ಹೇಳಿ ಅದಕ್ಕೊಂದು ಎತ್ತರದ ಮಣೆ ಹಾಕಿಸಿದ್ದರು, ಮೊದಲ ಗುಂಡಿಗೇ ಗಂಟೆ ಬಾರಿಸುತ್ತಿತ್ತು. ಅದು ನೆಂಟರ ಊರಿಗೆ ಹೋಗುತ್ತಿರಲಿಲ್ಲ, ನೆಗಡಿಗೆ ಮಫ್ಲರ್ ಸುತ್ತುತ್ತಿರಲಿಲ್ಲ. ಹೂವಿನವರು ಸೋಮವಾರ ಅದಕ್ಕೊಂದು ಮಾರು ಮಲ್ಲಿಗೆ ಕೊಟ್ಟು ಕಳಿಸತೊಡಗಿದರು. ಬೀದಿಯಲ್ಲಿ ಹೋಗುವವರು ಅಧ್ಯಕ್ಷರಿಗೆ ನಮಸ್ಕಾರ ಎಂದು ಮೇಲೆ ನೋಡಿ ಕೈಮುಗಿಯುತ್ತಿದ್ದರು. ಕೆಳಗೆ ಬಾಗಿಲಲ್ಲಿ ನಿಂತ ಪಂಚಾಕ್ಷರಪ್ಪನವರು ಮೊದಮೊದಲು ತಿರುಗಿ ನಮಸ್ಕಾರ ಮಾಡುತ್ತಿದ್ದರು, ಆಮೇಲೆ ಬಿಟ್ಟರು. ಕುಂಬಳ ಬಾಡಿದಾಗ ಗಿರಿಜಮ್ಮ ಹೊಸದಕ್ಕೆ ಮೀಸೆ ತೀಡುತ್ತಿದ್ದರು, ಪ್ರತಿಸಲವೂ ಹಿಂದಿನದಕ್ಕಿಂತ ಚೆಂದ ಮಾಡಿ.

ಒಂದು ದಿನ ಅಧ್ಯಕ್ಷರ ಮನಸ್ಸಿಗೆ ಬೇಸರವಾಗದಿರಲೆಂದು ಕುಂಬಳ ತೆಗೆಸಿ ಅವರನ್ನೇ ಕೂರಿಸಿದೆವು. ಬೆನ್ನು ನೆಟ್ಟಗೆ ಮಾಡಿ, ಹೊಸ ವಿಭೂತಿ ಹಚ್ಚಿಕೊಂಡು ಕೂತರು. ಮೂರನೆಯ ಸಾಲಿನವರೆಗೆ ಕಲ್ಲಿನ ಹಾಗಿದ್ದರು. ನಾಲ್ಕರಲ್ಲಿ ಕಣ್ಣು ಮುಚ್ಚಿದರು. ಐದರಲ್ಲಿ ಕುತ್ತಿಗೆ ಒಳಕ್ಕೆ ಹೋಯಿತು. ಆರನೆಯದು ಮುಗಿಯುವಷ್ಟರಲ್ಲಿ ತಲೆಯೇ ಕಾಣಲಿಲ್ಲ, ಕುರ್ಚಿಯ ಕೆಳಗಿಂದ ಒಂದು ಪಾದ ಮಾತ್ರ ಕಾಣುತ್ತಿತ್ತು. ಐದು ಗುಂಡು ಹೋದವು. ಆರನೆಯದಕ್ಕೆ ಗಿರಿಜಮ್ಮ ಓಡಿ ಬಂದು ಕುಂಬಳ ಇಟ್ಟರು. ಆ ದಿನ ಊರಲ್ಲಿ ಸಕ್ಕರೆ ಮುಗಿದುಹೋಯಿತು.

ನಿನ್ನೆ ಪಂಚಾಕ್ಷರಪ್ಪನವರು ಮತ್ತೆ ಬಂದಿದ್ದರು. ನಾನು ಕಟ್ಟೆಯ ಮೇಲೆ ರಿವಾಲ್ವರನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದೆ. ಅವರು ಮೆಟ್ಟಿಲ ಮೇಲೆ, ನನಗಿಂತ ಕೆಳಗೆ ಕೂತರು. ಅಧ್ಯಕ್ಷರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಪುರಸಭೆಗೆ ಚುನಾವಣೆ ಬರುತ್ತಿದೆ ಎಂದರು. ಯಾರೋ ಪುಂಡರು ಗೋಡೆಯ ಮೇಲೆ ಕುಂಬಳಕಾಯಿಯ ಚಿತ್ರ ಬರೆದು ಇದಕ್ಕೇ ನಿಮ್ಮ ಮತ ಎಂದು ಬರೆದಿದ್ದಾರೆ ಎಂದರು. ಈಚೆಗೆ ಮನೆಯಲ್ಲಿ ಉಸಿರು ಹಿಡಿದು ಕೂರುವ ಅಭ್ಯಾಸ ಮಾಡುತ್ತಿದ್ದಾರಂತೆ, ಹೆಂಡತಿ ಪಕ್ಕದಲ್ಲಿ ತಟ್ಟೆ ಬಡಿದರೂ ಅಲುಗುವುದಿಲ್ಲವಂತೆ. ಅವರ ಬೋಳುತಲೆಯ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಹದಿನಾಲ್ಕು ತಿಂಗಳು ದಿನವೂ ನೋಡಿದ ಹಣೆ, ನನ್ನ ಅಪ್ಪನ ಹಣೆಯಷ್ಟೇ ಚೆನ್ನಾಗಿ ನನಗೆ ಗೊತ್ತಿದ್ದ ಹಣೆ. ಪಾಪ ಅನ್ನಿಸಿತು.

“ಒಂದೇ ಒಂದು ದಿನ, ಕಮಲಾಕ್ಷಮ್ಮ,” ಎಂದರು. “ಚುನಾವಣೆಗೆ ಮುಂಚೆ ಒಂದೇ ಒಂದು ಸಂಜೆ ನನ್ನ ತಲೆಗೆ ಹಿಡಿ.”

ಕೆಳಗೆ ಚೌಡಮ್ಮ ಬಾಣಲೆಗೆ ಎಣ್ಣೆ ಸುರಿಯುವ ಸದ್ದು ಕೇಳಿಸಿತು. ನಾನು ರಿವಾಲ್ವರಿನ ಆರು ಮನೆಗೂ ಗುಂಡು ತುಂಬಿ, ಎದ್ದು ನಿಂತು, ಕುಂಬಳದ ಹಣೆಯ ಮೇಲೆ ಕುಡಿ ಕೂರಿಸಿದೆ.

“ಆಗೋದಿಲ್ಲ,” ಎಂದೆ.